ಇತ್ತ ನಾವೆಲ್ಲರೂ ಕ್ಷೇಮ: ವಲಸೆ ಬಂದವರ ಮುಪ್ಪು ಮತ್ತು ಮನೆಯೊಳಗಿನ ಮೌಖಿಕ ಚರಿತ್ರೆ



ಊರು ಬಿಟ್ಟವರ ಮನೆಗಳಲ್ಲಿ ಮುಪ್ಪನ್ನು ಮುಚ್ಚಿಡುವ ಅಭ್ಯಾಸವಿದೆ. ಊರಿನಲ್ಲಿ ಉಳಿದ ತಾಯಿ ಮುಂಬಯಿಯ ಮಗನಿಂದ ಮುಚ್ಚಿಡುತ್ತಾಳೆ. ಮುಂಬಯಿಯ ಅಪ್ಪ ಅಮೆರಿಕದ ಮಗನಿಂದ ಮುಚ್ಚಿಡುತ್ತಾನೆ. ದೂರದಲ್ಲಿರುವ ಮಕ್ಕಳು ಚಿಂತೆ ಮಾಡದಿರಲಿ ಎಂಬುದು ಇದಕ್ಕೆ ಕಾರಣ; ಇದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ವಯಸ್ಸಾಗುವುದು ಹೇಗೆ ಎಂಬುದನ್ನು ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಅಜ್ಜಿ ಮೊಣಕಾಲು ಹಿಡಿದು ಏಳುವುದನ್ನು, ಅಜ್ಜ ಒಂದು ದಿನ ಪೇಟೆಗೆ ಹೋಗುವುದನ್ನು ನಿಲ್ಲಿಸಿದ್ದನ್ನು ದಿನದಿನವೂ ನೋಡುತ್ತ ನಾವು ಅದನ್ನು ಅರಿಯುತ್ತೇವೆ. ಹನ್ನೆರಡನೆಯ ವಯಸ್ಸಿಗೇ ಊರು ಬಿಟ್ಟ ಹುಡುಗನಿಗೆ ಆ ನೋಟ ಸಿಗಲಿಲ್ಲ. ಅವನೇ ಮುದುಕನಾದಾಗ, ಮುದುಕನಾಗಿ ಬದುಕುವುದು ಹೇಗೆಂದು ತೋರಿಸಿಕೊಟ್ಟವರು ಅವನಿಗೆ ಇರಲಿಲ್ಲ. ವಲಸೆ ಬಂದ ತಂದೆತಾಯಿಯರ ಬಾಯಿಂದ ಅವರ ಬದುಕಿನ ಕಥೆ ಕೇಳಿ ದಾಖಲಿಸುವ ಕೆಲಸಕ್ಕೆ ನಾನು ಕೊಡುವ ಮಹತ್ವ ಈ ಕಾರಣಕ್ಕೆ. ಹಳೆಯ ಕಾಲದ ಮಾಹಿತಿ ಅದರಲ್ಲಿ ಸಿಗುತ್ತದೆ, ನಿಜ. ಅದಕ್ಕಿಂತ ದೊಡ್ಡದಾಗಿ, ಮುಚ್ಚಿಟ್ಟ ಮುಪ್ಪು ಅಲ್ಲಿ ಬಾಯಿಬಿಡುತ್ತದೆ.

ನನ್ನ ತಂದೆ 1950ರಲ್ಲಿ ಕಾರ್ಕಳ ತಾಲ್ಲೂಕಿನ ಹಳ್ಳಿಯೊಂದರಿಂದ ಮುಂಬಯಿಗೆ ಬಂದವರು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲಿತ್ತು. ಸೋಮೇಶ್ವರದಲ್ಲಿ ಬಸ್ಸಿಳಿದು, ಸಣ್ಣ ಗಾಡಿ ಹತ್ತಿ, ಆಗುಂಬೆಯ ತಿರುವುಗಳನ್ನು ಏರಿದರೆ ಮೈಸೂರು ರಾಜ್ಯ. ಶಿವಮೊಗ್ಗದಿಂದ ರೈಲು, ಬೀರೂರಿನಲ್ಲಿ ಬದಲು, ಹುಬ್ಬಳ್ಳಿಯ ಹೊತ್ತಿಗೆ ಮುಂಬಯಿ ರಾಜ್ಯ, ಪುಣೆಯಲ್ಲಿ ಮತ್ತೆ ರೈಲು ಬದಲು. ಕರಾವಳಿಯ ಹುಡುಗನಿಗೆ ಅದು ಪರದೇಶವೇ. ಅವನ ಜೊತೆ ಇದ್ದದ್ದು ಊರಿನವರೇ ಆದ ಒಬ್ಬ ಹೋಟೆಲ್ ನೌಕರ, ಒಂದು ಬಟ್ಟೆಗಂಟು ಮತ್ತು ಕುಚ್ಚಲಕ್ಕಿಯ ಅವಲಕ್ಕಿ. ಇಂಥ ಸಾವಿರಾರು ಹುಡುಗರು ಈ ನಗರಕ್ಕೆ ಬಂದರು, ಕಪ್ಪು ಬಸಿ ತೊಳೆದರು, ರಾತ್ರಿ ಶಾಲೆಗಳಲ್ಲಿ ಓದಿದರು. ಮಾಟುಂಗದ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕ್ ಅವರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟ ಇವತ್ತಿಗೂ ಹೆಸರುವಾಸಿ. ಆ ಊಟದ ಹಿಂದಿನ ಕೈಗಳ ಕಥೆ ಅಷ್ಟಾಗಿ ಯಾರೂ ಬರೆದಿಟ್ಟಿಲ್ಲ. ಅಪ್ಪನಿಗೆ ಎಂಬತ್ತು ತುಂಬಿದ ಮೇಲೆ ನಾನು ಫೋನಿನ ಧ್ವನಿಮುದ್ರಕ ಇಟ್ಟುಕೊಂಡು ಅವರ ಎದುರು ಕೂರತೊಡಗಿದೆ. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲು ಕಾಗದಗಳ ವಿಷಯ. ಅಪ್ಪನ ತಗಡಿನ ಟ್ರಂಕಿನಲ್ಲಿ ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇತ್ತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಊರಿನ ಶಾಲೆಯ ಮೇಷ್ಟ್ರು ಬರೆದುಕೊಡುತ್ತಿದ್ದರು. ಎಲ್ಲವೂ ಒಂದೇ ರೀತಿ ಶುರುವಾಗುತ್ತವೆ: ಇತ್ತ ನಾವೆಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಪತ್ರ ಬರೆಯುತ್ತಿರು. ಆಮೇಲೆ ಯಾವ ದನ ಕರು ಹಾಕಿತು, ಮಳೆಗಾಲದ ಏಣಿಲು ಬೆಳೆ ಹೇಗಾಯಿತು, ದೈವದ ನೇಮಕ್ಕೆ ವಂತಿಗೆ ಎಷ್ಟು ಕಳುಹಿಸಬೇಕು. 1974ರ ಭೂಸುಧಾರಣೆಯ ಸುದ್ದಿ ಎರಡು ಪತ್ರಗಳಲ್ಲಿ ಇದೆ. ಚಾಲಗೇಣಿಗೆ ಮಾಡುತ್ತಿದ್ದ ಗದ್ದೆಗೆ ಡಿಕ್ಲರೇಶನ್ ಕೊಟ್ಟಾಗಿದೆ, ಧಣಿಗಳು ಮಾತು ಬಿಟ್ಟಿದ್ದಾರೆ ಎಂದು. ಮಳೆ, ದನ, ಕೋರ್ಟು, ದೈವ ಎಲ್ಲವೂ ಇರುವ ಆ ಪತ್ರಗಳಲ್ಲಿ ಅಜ್ಜಿಯ ಮೈಯ ಸುದ್ದಿ ಒಂದು ಸಾಲಿನಷ್ಟೂ ಇಲ್ಲ. ಕಣ್ಣು, ಮೊಣಕಾಲು, ನಿದ್ದೆ ಯಾವುದೂ ಇಲ್ಲ. ಅಪ್ಪನೂ ಹಾಗೆಯೇ. ಮೊದಲ ವರ್ಷವೇ ಅವರಿಗೆ ವಿಷಮಶೀತ ಜ್ವರ ಬಂದು ಸರಕಾರಿ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದರು. ಊರಿಗೆ ಹೋದ ಕಾಗದದಲ್ಲಿ ಕ್ಷೇಮ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಹೀಗೆ ಕಾಪಾಡಿಕೊಂಡರು, ಮತ್ತು ಒಬ್ಬರಿಗೊಬ್ಬರು ಕಾಣದೆ ಹೋದರು.

ಅಪ್ಪನಿಗೆ ಎರಡು ವಯಸ್ಸುಗಳಿವೆ. ಅಂಗಡಿ ಹೋಟೆಲುಗಳಲ್ಲಿ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೇಳುತ್ತಿತ್ತು. ಇನ್‌ಸ್ಪೆಕ್ಟರ್ ಬಂದರೆ ಸಣ್ಣ ಹುಡುಗರು ಹಿಂಬಾಗಿಲಿನಿಂದ ಓಡಬೇಕು, ಸಿಕ್ಕಿಬಿದ್ದರೆ ಹದಿನಾರು ಎನ್ನಬೇಕು. ಅಪ್ಪ ಹದಿನಾರು ಎಂದರು. ರಾತ್ರಿ ಶಾಲೆಗೆ ಸೇರುವಾಗಲೂ ಅದೇ ಲೆಕ್ಕ ಬರೆಸಿದರು. ಹಾಗಾಗಿ ದಾಖಲೆಯಲ್ಲಿ ಅವರು 1934ರಲ್ಲಿ ಹುಟ್ಟಿದವರು. ಅಜ್ಜಿ ಹೇಳುತ್ತಿದ್ದದ್ದು ಬೇರೆ: ಯುದ್ಧ ಶುರುವಾಗಿ ಸೀಮೆಎಣ್ಣೆ ಸಿಗದಾದಾಗ ನೀನು ಗೋಡೆ ಹಿಡಿದು ನಡೆಯುತ್ತಿದ್ದೆ, ಹುಟ್ಟಿದ್ದು ಅದರ ಹಿಂದಿನ ವರ್ಷದ ಆಟಿ ತಿಂಗಳಲ್ಲಿ. ಅಂದರೆ 1938. ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರಾದ ಅಪ್ಪ, 1992ರಲ್ಲಿ ಕಾಗದದ ಪ್ರಕಾರ ಐವತ್ತೆಂಟಾಯಿತೆಂದು ನಿವೃತ್ತರಾದರು. ಮೈಗೆ ಆಗ ಐವತ್ತನಾಲ್ಕು. ಹನ್ನೆರಡು ವರ್ಷದ ಹುಡುಗ ಅನ್ನಕ್ಕಾಗಿ ಸೇರಿಸಿಕೊಂಡ ನಾಲ್ಕು ವರ್ಷಗಳನ್ನು ಗುಮಾಸ್ತ ಸಂಬಳದಲ್ಲಿ ಕಳೆದುಕೊಂಡ. ಬಾಲ್ಯ ಕಳೆದದ್ದಕ್ಕೆ ಅಪ್ಪ ಯಾವತ್ತೂ ದುಃಖಿಸಿದವರಲ್ಲ. ಈ ನಾಲ್ಕು ವರ್ಷಗಳ ಬಗ್ಗೆ ಮಾತ್ರ ಇವತ್ತಿಗೂ ಬೇಸರವಿದೆ. ಬೇಗ ದೊಡ್ಡವರಾಗಬೇಕಾದವರನ್ನು ಲೋಕ ಬೇಗ ಮುದುಕರನ್ನಾಗಿಯೂ ಮಾಡುತ್ತದೆ ಎಂಬುದು ನನಗೆ ಅರ್ಥವಾದದ್ದು ಈ ಲೆಕ್ಕದಿಂದ.

ಕಚೇರಿಯ ಮೂವತ್ತು ಚಿಲ್ಲರೆ ವರ್ಷಗಳನ್ನು ಅಪ್ಪ ಎರಡು ಮಾತಿನಲ್ಲಿ ಮುಗಿಸುತ್ತಾರೆ. 1950ರಿಂದ 1960ರವರೆಗಿನ ಹೋಟೆಲಿನ ದಿನಗಳು ಮಾತ್ರ ಎಷ್ಟು ಕೇಳಿದರೂ ಮುಗಿಯುವುದಿಲ್ಲ. ವಯಸ್ಸಾದವರ ನೆನಪು ಹತ್ತರಿಂದ ಮೂವತ್ತರ ನಡುವಿನ ವರ್ಷಗಳಲ್ಲಿ ಹೆಚ್ಚು ದಟ್ಟವಾಗಿರುತ್ತದೆ ಎಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ರಾಬರ್ಟ್ ಶ್ರೌಫ್ ಮತ್ತು ಡೇವಿಡ್ ರೂಬಿನ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸ್ಪ್ಯಾನಿಷ್ ಮಾತಾಡುವ ನಾಡುಗಳಿಂದ ಅಮೆರಿಕಕ್ಕೆ ಬಂದು ಅಲ್ಲೇ ವೃದ್ಧರಾದವರನ್ನು ಅವರು ಮಾತಾಡಿಸಿದರು. ತಡವಾಗಿ, ಮೂವತ್ತು ದಾಟಿದ ಮೇಲೆ ವಲಸೆ ಬಂದವರಲ್ಲಿ ನೆನಪಿನ ಆ ದಟ್ಟಣೆಯೂ ವಲಸೆಯ ವಯಸ್ಸಿನ ಕಡೆಗೆ ಸರಿದಿತ್ತು. ಊರು ಬಿಟ್ಟ ಗಳಿಗೆ ಮನಸ್ಸಿಗೆ ಎರಡನೆಯ ಹುಟ್ಟು. ಅಪ್ಪ ಶಿವಮೊಗ್ಗದ ಸ್ಟೇಶನ್ನಿನ ಗ್ಯಾಸ್ ದೀಪದ ಬಣ್ಣ ಹೇಳಬಲ್ಲರು, ನಿವೃತ್ತಿಯ ದಿನದ ಹಾರ ಯಾವ ಹೂವಿನದೆಂದು ಹೇಳಲಾರರು. ಇದಕ್ಕೆ ಅರಳುಮರಳು ಎಂದು ಹೆಸರಿಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಅಪ್ಪ ಮುಪ್ಪನ್ನು ನೋಡಿದ್ದು ಎಲ್ಲಿ? ಹೋಟೆಲಿನಲ್ಲಿ. ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಒಂದು ಸಣ್ಣ ಹೋಟೆಲು. ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು. ಅಲ್ಲಿ ವಯಸ್ಸಾಗುವುದು ಎಂದರೆ ಕೆಲಸ ಬದಲಾಗುವುದು. ಕೈ ತುಂಬ ತಟ್ಟೆ ಹಿಡಿದು ಓಡುತ್ತಿದ್ದ ಸಪ್ಲಾಯರನ ಕೈ ನಡುಗಿದರೆ ಅವನು ಒಳಗೆ ಈರುಳ್ಳಿ ಹೆಚ್ಚಲು ಕೂರುತ್ತಿದ್ದ. ಅದೂ ಆಗದ ದಿನ ಧಣಿ ಒಂದು ಜೊತೆ ಪಂಚೆ, ಊರಿನ ಟಿಕೇಟು ಕೊಟ್ಟು ಕಳುಹಿಸುತ್ತಿದ್ದರು. ಐವತ್ತೆಂದರೆ ಮುದುಕ. ಅಪ್ಪ ಬಹಳ ಅಕ್ಕರೆಯಿಂದ ಹೇಳುವುದು ಅಡುಗೆಯ ಭಟ್ಟರ ಕಥೆಯನ್ನು. ಭಟ್ಟರ ನಾಲಿಗೆಗೆ ರುಚಿ ಕಡಿಮೆಯಾಗುತ್ತ ಬಂತು. ಸಾಂಬಾರಿಗೆ ಉಪ್ಪು ಹೆಚ್ಚು ಬೀಳತೊಡಗಿತು. ಗಿರಾಕಿಗಳು ಗಲ್ಲೆಯ ಹತ್ತಿರ ಗೊಣಗುವ ಮೊದಲೇ ಒಳಗಿನ ಹುಡುಗರು ಒಂದು ಏರ್ಪಾಡು ಮಾಡಿಕೊಂಡರು. ಭಟ್ಟರು ಉಪ್ಪಿನ ಮರಿಗೆಗೆ ಕೈ ಹಾಕುವಾಗ ಅಪ್ಪ ಪಕ್ಕದಲ್ಲಿ ನಿಂತು ಸಾಂಬಾರು ಕಲಕುವ ನೆಪದಲ್ಲಿ ಒಂದು ಹನಿ ನೆಕ್ಕಿ ನೋಡುವುದು. ಸಾಕಾಗಿದ್ದರೆ ಸೌಟನ್ನು ಕೊಪ್ಪರಿಗೆಯ ಅಂಚಿಗೆ ಒಮ್ಮೆ ಬಡಿಯುವುದು. ಭಟ್ಟರು ಕೈ ಹಿಂದೆಗೆಯುತ್ತಿದ್ದರು. ಇಬ್ಬರೂ ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಭಟ್ಟರು ಇನ್ನೂ ಕೆಲವು ವರ್ಷ ಆ ಒಲೆಯ ಮುಂದೆ ಇದ್ದರು. ಮುದುಕರ ಮಾನ ಕಾಯುವುದನ್ನು ಅಪ್ಪ ಹದಿನೈದರ ವಯಸ್ಸಿಗೆ ಕಲಿತದ್ದು ಹೀಗೆ. ಮುಪ್ಪನ್ನು ಮುಚ್ಚಿಡಬೇಕು ಎಂಬ ಪಾಠವೂ ಅದರ ಜೊತೆಗೇ ಬಂದಿರಬೇಕು.

ನೆನಪು ತಪ್ಪುವ ಬಗ್ಗೆಯೂ ಹೇಳಬೇಕು, ಏಕೆಂದರೆ ಮನೆಯ ಹಿರಿಯರ ಮಾತನ್ನು ದಾಖಲಿಸುವವರು ಮೊದಲು ಎಡವುವುದು ಅಲ್ಲಿ. 1955ರ ನವೆಂಬರ್ 21ರಂದು ಸಂಯುಕ್ತ ಮಹಾರಾಷ್ಟ್ರದ ಬೇಡಿಕೆ ಇಟ್ಟು ಬಂದ ಜನರ ಮೇಲೆ ಫ್ಲೋರಾ ಫೌಂಟನ್ ಬಳಿ ಪೊಲೀಸರು ಗುಂಡು ಹಾರಿಸಿದರು. ಇವತ್ತು ಆ ಜಾಗ ಹುತಾತ್ಮ ಚೌಕ. ಅಪ್ಪನ ಹೋಟೆಲು ಅಲ್ಲಿಂದ ಕೂಗಳತೆಯಲ್ಲಿತ್ತು. ಶಟರ್ ಎಳೆದದ್ದು, ಒಳಗೆ ಗಿರಾಕಿಗಳು ನೆಲದಲ್ಲಿ ಕೂತದ್ದು, ಸಂಜೆ ಶಟರ್ ಎತ್ತಿದಾಗ ರಸ್ತೆಯ ತುಂಬ ಚಪ್ಪಲಿಗಳು, ಚಪ್ಪಲಿಗಳಲ್ಲಿ ಮಳೆನೀರು ನಿಂತದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಮುಂಬಯಿಯ ನವೆಂಬರಿನ ಕೊನೆಯಲ್ಲಿ ಮಳೆ ಎಲ್ಲಿಂದ ಬಂತು?

ಇಟಲಿಯ ಅಲೆಸ್ಸಾಂದ್ರೊ ಪೋರ್ತೆಲ್ಲಿ ಎಂಬ ವಿದ್ವಾಂಸ ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಇಂಥದ್ದೇ ಒಂದನ್ನು ಎದುರಿಸಿದರು. ಲುಯಿಜಿ ತ್ರಾಸ್ತುಲ್ಲಿ ಎಂಬ ಯುವ ಕಾರ್ಮಿಕ 1949ರ ಮಾರ್ಚಿನಲ್ಲಿ, ನ್ಯಾಟೊ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಸತ್ತ. ಊರಿನ ಹಳಬರನೇಕರು ಅವನ ಸಾವನ್ನು 1953ಕ್ಕೆ, ಸಾವಿರಾರು ಜನರನ್ನು ಕೆಲಸದಿಂದ ತೆಗೆದುಹಾಕಿದ ದಿನಗಳ ಗಲಭೆಗೆ ಸೇರಿಸಿ ಹೇಳುತ್ತಿದ್ದರು. ಪೋರ್ತೆಲ್ಲಿ ಅವರನ್ನು ತಿದ್ದಲಿಲ್ಲ. ಏಕೆ ಹಾಗೆ ಹೇಳುತ್ತಾರೆ ಎಂದು ಕೇಳಿಕೊಂಡರು. ನೌಕರಿ ಹೋದ ಆ ದಿನಗಳೇ ಊರಿಗೆ ದೊಡ್ಡ ಗಾಯ. ಅಂಥ ಒಂದು ಸಾವಿಗೆ ಆ ಗಾಯಕ್ಕೆ ತಕ್ಕ ಕಾರಣ ಬೇಕಿತ್ತು. ನೆನಪು ತಪ್ಪಿದ ಜಾಗದಲ್ಲೇ ಆ ಊರಿನ ಮನಸ್ಸು ಕಂಡಿತು.

ನಾನೂ ಅಪ್ಪನನ್ನು ತಿದ್ದದೆ, ಬೇರೊಂದು ದಿನ, ಮಳೆಗಾಲದಲ್ಲಿ ಹೋಟೆಲಿನ ಶಟರ್ ಎಳೆದದ್ದು ನೆನಪಿದೆಯೇ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದೇ ವರ್ಷದ ಜುಲೈಯಲ್ಲಿ ಊರಿನಲ್ಲಿ ಅವರ ತಂದೆ ತೀರಿಹೋಗಿದ್ದರು. ತಂತಿ ಬೆಳಿಗ್ಗೆಯೇ ಬಂದಿತ್ತು. ಗಿರಾಕಿಗಳ ಗದ್ದಲ ಮುಗಿಯುವವರೆಗೆ ಯಾರೂ ಹೇಳಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಅದನ್ನು ಅವರ ಕೈಗೆ ಕೊಟ್ಟರು. ಹೊರಗೆ ಮಳೆ ಸುರಿಯುತ್ತಿತ್ತು. ಆ ಮಳೆ ನವೆಂಬರಿನ ಚಪ್ಪಲಿಗಳೊಳಗೆ ಹೋಗಿ ನಿಂತಿದೆ. ಅರುವತ್ತು ವರ್ಷ ಕಳೆದರೂ ಅಪ್ಪ ಈ ಸಾವನ್ನು ನಮ್ಮ ಮುಂದೆ ಎತ್ತಿರಲಿಲ್ಲ. ತಾರೀಖು ತಪ್ಪು ಎಂದು ಹೇಳಿ ನಾನು ಅಲ್ಲಿಗೇ ಮುಗಿಸಿದ್ದರೆ ಅದು ಒಳಗೇ ಉಳಿಯುತ್ತಿತ್ತು.

ಮುದುಕರು ಹಳೆಯದನ್ನೇ ಹೇಳುತ್ತಾರೆ ಎಂಬ ದೂರು ಎಲ್ಲ ದೇಶಗಳಲ್ಲೂ ಇದ್ದದ್ದೇ. ವೈದ್ಯರೂ ಒಂದು ಕಾಲದಲ್ಲಿ ಅದನ್ನು ಬುದ್ಧಿ ಮಂಕಾಗುವುದರ ಗುರುತೆಂದು ನೋಡುತ್ತಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ತಲೆಕೆಳಗು ಮಾಡಿದರು. ಸಾವು ಹತ್ತಿರವಾಗುತ್ತಿದೆ ಎಂಬ ಅರಿವಿನಲ್ಲಿ ಮನುಷ್ಯ ತನ್ನ ಬದುಕನ್ನು ಮತ್ತೆ ತೆಗೆದು ನೋಡುತ್ತಾನೆ, ಬಗೆಹರಿಯದೆ ಉಳಿದದ್ದನ್ನು ಬಗೆಹರಿಸಿಕೊಳ್ಳಲು ನೋಡುತ್ತಾನೆ. ಇದು ಮುಪ್ಪಿನ ಸಹಜ ಕೆಲಸ ಎಂದರು. ಬಟ್ಲರ್ ಬೆಳೆದದ್ದು ಅಜ್ಜ ಅಜ್ಜಿಯರ ಮನೆಯಲ್ಲಿ. ಮುಪ್ಪನ್ನು ಹತ್ತಿರದಿಂದ ನೋಡಿ ಬೆಳೆದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ ಎಂದು ನಾನು ನಂಬುತ್ತೇನೆ.

ಬಾರ್ಬರಾ ಮೈಯರ್‌ಹಾಫ್ ಎಂಬ ಮಾನವಶಾಸ್ತ್ರಜ್ಞೆಯನ್ನೂ ಇಲ್ಲಿ ನೆನೆಯಬೇಕು. ಮೊದಲು ಅವರು ಮೆಕ್ಸಿಕೊದ ವೀಚೊಲ್ ಬುಡಕಟ್ಟಿನ ನಡುವೆ ಕೆಲಸ ಮಾಡಿದವರು. 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವೆನಿಸ್ ಕಡಲತೀರದಲ್ಲಿ ಒಂದು ವೃದ್ಧರ ಕೇಂದ್ರಕ್ಕೆ ಬಂದು ಕೂತರು. ಅಲ್ಲಿದ್ದವರು ಪೂರ್ವ ಯುರೋಪಿನ ಸಣ್ಣ ಊರುಗಳಿಂದ ಎಳೆಯ ವಯಸ್ಸಿನಲ್ಲಿ ವಲಸೆ ಬಂದ ಯೆಹೂದ್ಯರು. ಅವರು ಬಿಟ್ಟುಬಂದ ಊರುಗಳು ಹಿಟ್ಲರನ ಕಾಲದಲ್ಲಿ ಹೇಳಹೆಸರಿಲ್ಲದಂತಾಗಿದ್ದವು. ಓದಿ ದೊಡ್ಡ ಹುದ್ದೆ ಹಿಡಿದ ಮಕ್ಕಳು ದೂರವಾಗಿದ್ದರು. ಆ ಬಡ ಮುದುಕ ಮುದುಕಿಯರು ಜಗಳವಾಡುತ್ತ, ತಮ್ಮ ಕಥೆ ಹೇಳುತ್ತ, ಕೇಳದವರನ್ನು ಹಿಡಿದು ಕೂರಿಸಿ ಕೇಳಿಸುತ್ತ ಬದುಕುತ್ತಿದ್ದರು. 1978ರಲ್ಲಿ ಬಂದ ಮೈಯರ್‌ಹಾಫ್ ಅವರ ಪುಸ್ತಕ ಇದರ ಮೇಲಿನದು. ಅದಕ್ಕೂ ಮೊದಲು ಇದೇ ವಿಷಯದ ಮೇಲೆ ಅವರು ಲಿನ್ ಲಿಟ್‌ಮನ್ ಜೊತೆ ಮಾಡಿದ ಕಿರುಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಿತ್ತು. ತಾನು ಎಂದೂ ವೀಚೊಲ್ ಆಗಲಾರೆ, ಆದರೆ ಮುಂದೊಂದು ದಿನ ಇವರಂತೆ ಮುದುಕಿಯಾಗುತ್ತೇನೆ ಎಂಬ ಭಾವ ಅವರ ಕೆಲಸದ ಬೆನ್ನೆಲುಬು. ಅವರು 1985ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮುಪ್ಪು ಅವರಿಗೆ ಸಿಗಲೇ ಇಲ್ಲ. ನಮ್ಮ ಎದುರು ಎಂಬತ್ತರವರು ಕೂತು ಮಾತಾಡುತ್ತಿದ್ದರೆ ಅದು ಎಲ್ಲರಿಗೂ ದಕ್ಕುವ ಭಾಗ್ಯವಲ್ಲ ಎಂದು ಈ ಸಂಗತಿ ನನಗೆ ಮತ್ತೆ ಮತ್ತೆ ಹೇಳುತ್ತದೆ.

ಮತ್ತೆ ಅಪ್ಪನ ವಿಷಯಕ್ಕೆ ಬರುತ್ತೇನೆ. ವಯಸ್ಸಾಯಿತೆಂದು ಮೊದಲು ಗೊತ್ತಾದದ್ದು ಯಾವಾಗ ಎಂದು ಕೇಳಿದರೆ, ನನಗೆಲ್ಲಿ ವಯಸ್ಸಾಗಿದೆ ಎಂದು ನಗುತ್ತಾರೆ. ಡೊಂಬಿವಿಲಿಯಿಂದ ಕೆಲಸಕ್ಕೆ ಹೋಗುತ್ತಿದ್ದಾಗ ಯಾವ ಲೋಕಲ್ ಹಿಡಿಯುತ್ತಿದ್ದಿರಿ ಎಂದು ಕೇಳಿದಾಗ ಮಾತು ಹೊರಬಿತ್ತು. ಮೊದಲೆಲ್ಲ ಕರ್ಜತ್ ಕಡೆಯಿಂದ ಬರುವ ಫಾಸ್ಟ್ ಗಾಡಿಗೆ ಓಡಿ ನೇತಾಡುತ್ತಿದ್ದರು. ಐವತ್ತರ ಹತ್ತಿರ ಬಂದಾಗ ಒಂದು ದಿನ ಕಂಬಿ ಹಿಡಿದ ಕೈ ಜಾರಿತು. ಹಿಂದಿದ್ದವರು ಬೆನ್ನಿಗೆ ಆತು ನಿಂತದ್ದರಿಂದ ಬದುಕಿದರು. ಮರುದಿನದಿಂದ ಡೊಂಬಿವಿಲಿಯಲ್ಲೇ ಹೊರಡುವ ಸ್ಲೋ ಗಾಡಿ. ಅದಕ್ಕಾಗಿ ಮನೆಯಿಂದ ಅರ್ಧ ಗಂಟೆ ಬೇಗ ಹೊರಡಬೇಕು. ಮನೆಯಲ್ಲಿ ಹೇಳಿದ್ದು, ಆಫೀಸಿನಲ್ಲಿ ಕೆಲಸ ಜಾಸ್ತಿ. ಆ ವರ್ಷಗಳಲ್ಲಿ ನಾನು ಕಾಲೇಜಿನ ಹುಡುಗಿ. ಅಪ್ಪನಿಗೆ ಏನೋ ಬಡ್ತಿ ಸಿಕ್ಕಿದೆ ಎಂದುಕೊಂಡಿದ್ದೆ. ಒಂದು ಮನೆಯೊಳಗೆ, ಒಂದೇ ಖೋಲಿಯಲ್ಲಿ ಮಲಗುವ ಜನರ ನಡುವೆಯೂ ಮುಪ್ಪು ಹೀಗೆ ರೈಲಿನ ವೇಳಾಪಟ್ಟಿಯೊಳಗೆ ಅಡಗಿಕೊಂಡಿತ್ತು.

ನಿವೃತ್ತಿಯ ಮೇಲೆ ಅಪ್ಪ ಊರಿಗೆ ಹೋಗಿ ಇರಲು ನೋಡಿದರು. ನಮ್ಮದು ಅಳಿಯಸಂತಾನದ ಮನೆ. ಮನೆ ಸೇರುವುದು ಅಪ್ಪನ ಸೋದರಿಗೆ, ಅಂದರೆ ನನ್ನ ಅತ್ತೆಗೆ, ಅವರ ಮಕ್ಕಳಿಗೆ. ಅತ್ತೆ ಬೇಡ ಎನ್ನುವವರಲ್ಲ. ಆದರೆ ಒಂದು ಮಳೆಗಾಲ ಕಳೆದು ಅಪ್ಪ ಮರಳಿ ಬಂದರು. ಏಕೆ ಎಂದು ಆಗ ಯಾರಿಗೂ ಹೇಳಲಿಲ್ಲ. ಧ್ವನಿಮುದ್ರಣದಲ್ಲಿ ಹೇಳಿದ್ದಾರೆ: "ಊರಿನಲ್ಲಿ ನಾನು ಯಾವಾಗಲೂ ರಜೆಗೆ ಬಂದವನು. ಬೆಳಿಗ್ಗೆ ಎದ್ದರೆ ಮೀನು ತಂದಿದ್ದಾರೆ, ಯಾವಾಗ ಹೊರಡುವುದು ಎಂದು ಕೇಳುತ್ತಾರೆ. ರಜೆಗೆ ಬಂದವನು ಅಲ್ಲಿ ಮುದುಕನಾಗುವುದು ಹೇಗೆ?" ಮುದುಕನಾಗಲು ಒಂದು ಜಾಗ ಬೇಕಾಗುತ್ತದೆ ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಈಗ ಹೇಳಹೊರಟಿರುವ ಸಂಜೆಗಾಗಿ ನಾನು ಈ ವಿಷಯವನ್ನು ಆರಿಸಿಕೊಂಡೆ ಎಂದರೂ ಸರಿ. ಅಪ್ಪ ತಮ್ಮ ತಾಯಿಯ ಬಗ್ಗೆ ಹೇಳುತ್ತಿದ್ದರು. ಅವರ ಮಾತಿನಲ್ಲಿ ಅಜ್ಜಿ ಯಾವಾಗಲೂ ನಲವತ್ತರವಳು, ನೇಜಿಯ ಕಟ್ಟು ಹೊತ್ತು ಗದ್ದೆಗೆ ಇಳಿಯುವವಳು. "ಅಮ್ಮನಿಗೆ ಕೊನೆಯವರೆಗೂ ಬೆನ್ನು ಬಾಗಲಿಲ್ಲ," ಎಂದರು, "ಕೋಲು ಹಿಡಿದವಳೇ ಅಲ್ಲ." ಒಳಗೆ ಅಡುಗೆಮನೆಯಲ್ಲಿದ್ದ ನನ್ನ ತಾಯಿ ಅಲ್ಲಿಂದಲೇ ಹೇಳಿದರು, "ಕೋಲು ಇತ್ತು."

"ಯಾವಾಗ?"

"ಆಗೆಲ್ಲ ಇತ್ತು. ನೀವು ಬಸ್ಸಿಳಿದು ಗದ್ದೆಯ ಬದುವಿನಲ್ಲಿ ಬರುವುದು ಕಂಡ ಕೂಡಲೇ ಅತ್ತೆ ಅದನ್ನು ಬಾಗಿಲ ಹಿಂದೆ ಇಡುತ್ತಿದ್ದರು. ನೀವು ಇರುವಷ್ಟು ದಿನ ಗೋಡೆ ಹಿಡಿದು ಓಡಾಡುತ್ತಿದ್ದರು. ಹೇಳಬಾರದು ಎಂದಿದ್ದರು."

ನನ್ನ ತಾಯಿ 1965ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದವರು. 1979ರ ಮಳೆಗಾಲದಲ್ಲಿ, ಅಜ್ಜಿಗೆ ಹುಷಾರಿಲ್ಲವೆಂದು ತಿಳಿದಾಗ, ನಮ್ಮನ್ನು ಅಪ್ಪನ ಬಳಿ ಬಿಟ್ಟು ಊರಿಗೆ ಹೋದರು. ಅಪ್ಪನ ಸೋದರಿ ಆಗ ಬಾಣಂತನದಲ್ಲಿದ್ದ ಮಗಳ ಜೊತೆ ಬೇರೆ ಕಡೆ ಇದ್ದರು. ಹಾಗಾಗಿ ಅಜ್ಜಿಯ ಕೊನೆಯ ದಿನಗಳನ್ನು ಹತ್ತಿರದಿಂದ ಕಂಡವರು ಹೊರಗಿನಿಂದ ಬಂದ ಈ ಸೊಸೆ. ತಂತಿ ಬಂದು, ಅಪ್ಪ ಬಸ್ಸು ಹಿಡಿದು ಊರು ಮುಟ್ಟುವಾಗ ಎಲ್ಲ ಮುಗಿದು ಮೂರನೆಯ ದಿನ.

ಧ್ವನಿಮುದ್ರಣದಲ್ಲಿ ಇಲ್ಲಿ ಕುಕ್ಕರಿನ ಸದ್ದು ಮಾತ್ರ ಇದೆ. ಆಮೇಲೆ ಅಪ್ಪನೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಕಣ್ಣು ಕಾಣುತ್ತಿತ್ತೇ? ಊಟ ಮಾಡುತ್ತಿದ್ದಳೇ? ತಾಯಿ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತು ಒಂದೊಂದಾಗಿ ಹೇಳುತ್ತಾರೆ. ಕಣ್ಣಿಗೆ ಪೊರೆ ಬಂದಿತ್ತು, ಅಕ್ಕಿಯ ಕಲ್ಲನ್ನು ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದರು. ಮಳೆ ಬರುತ್ತದೋ ಎಂದು ಕೇಳಿದರೆ ಗಾಳಿಯ ವಾಸನೆ ನೋಡಿ ಹೇಳುತ್ತಿದ್ದರು, ತಪ್ಪುತ್ತಿರಲಿಲ್ಲ. ಮುಸ್ಸಂಜೆಯಾದರೆ ಹೆದರಿಕೆ, ದೀಪ ಹಚ್ಚಿದ ಮೇಲೆ ಯಾರಾದರೂ ಪಕ್ಕದಲ್ಲಿ ಇರಬೇಕಿತ್ತು. "ಕೊನೆಗೆ ದನ ಮೇಯಿಸುವ ಹುಡುಗನನ್ನು ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದರು. ಅವನಿಗೆ ಹನ್ನೆರಡೋ ಹದಿಮೂರೋ. ಮೊದಲು ತಿದ್ದುತ್ತಿದ್ದೆವು, ಆಮೇಲೆ ಬಿಟ್ಟೆವು. ಅವನೂ ಓ ಅನ್ನುತ್ತಿದ್ದ."

ಐವತ್ತು ವರ್ಷಕ್ಕೂ ಹೆಚ್ಚು ಜೊತೆಗಿದ್ದ ಗಂಡ ಹೆಂಡತಿಯ ನಡುವೆ ಈ ಮಾತು ಅದುವರೆಗೆ ಬಂದಿರಲಿಲ್ಲ. ಅಪ್ಪ ಕೇಳಿರಲಿಲ್ಲ, ತಾಯಿ ತಮ್ಮ ಅತ್ತೆಗೆ ಕೊಟ್ಟ ಮಾತು ಮುರಿದಿರಲಿಲ್ಲ. ಮೂರನೆಯವಳೊಬ್ಬಳು ಎದುರು ಕೂತು ಕೇಳುತ್ತಿದ್ದಾಗ ಅದು ಹೊರಬಂತು. ತನ್ನ ತಾಯಿ ಮುದುಕಿಯಾದದ್ದನ್ನು ಅಪ್ಪ ಎಂಬತ್ತು ದಾಟಿದ ಮೇಲೆ, ತಾನು ಅವಳಿಗಿಂತ ಎಷ್ಟೋ ಹಿರಿಯನಾದ ಮೇಲೆ, ಮೊದಲ ಸಲ ಕಂಡರು.

ಅಮೆರಿಕದ ಚಿತ್ರಕಾರ ಆರ್ಟ್ ಸ್ಪೀಗಲ್‌ಮನ್ ಕೂಡ ತಮ್ಮ ತಂದೆಯ ಮಾತುಗಳನ್ನು ಹೀಗೆಯೇ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 1972ರಿಂದ ಟೇಪಿನಲ್ಲಿ ಹಿಡಿದು, ಮುಂದೆ 'ಮೌಸ್' ಎಂಬ ಚಿತ್ರಕಥಾನಕ ಮಾಡಿದರು. ಅದರ ಎರಡು ಭಾಗಗಳು 1986 ಮತ್ತು 1991ರಲ್ಲಿ ಬಂದವು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಿಕ್ಕಿತು. ತಂದೆ ವ್ಲಾದೆಕ್ ಪೋಲೆಂಡಿನಿಂದ, ಆಶ್ವಿಟ್ಜ್ ಬದುಕುಳಿದು, ಅಮೆರಿಕಕ್ಕೆ ಬಂದವರು. ಮಗನಿಗೆ ಬೇಕಿದ್ದದ್ದು ಯುದ್ಧದ ಕಥೆ. ತಂದೆಗೆ ಹೇಳಬೇಕಿದ್ದದ್ದು ಅದರ ಜೊತೆ ಮಾತ್ರೆಗಳ ಲೆಕ್ಕ, ಎದೆನೋವು, ಎರಡನೆಯ ಹೆಂಡತಿಯ ಮೇಲಿನ ದೂರು. ಸ್ಪೀಗಲ್‌ಮನ್ ಈ ಯಾವುದನ್ನೂ ಕತ್ತರಿಸಿ ಎಸೆಯಲಿಲ್ಲ. ನನ್ನ ಮಟ್ಟಿಗೆ ಆ ಪುಸ್ತಕದ ದೊಡ್ಡತನ ಅಲ್ಲೇ ಇದೆ. ಅದರ ಕೊನೆಯಲ್ಲಿ ದಣಿದ ತಂದೆ ಎದುರಿಗಿರುವ ಮಗನನ್ನು, ಯುದ್ಧದಲ್ಲಿ ಸತ್ತುಹೋದ ಮೊದಲ ಮಗನ ಹೆಸರಿನಿಂದ ಕರೆಯುತ್ತಾನೆ. ಅಜ್ಜಿ ದನ ಕಾಯುವ ಹುಡುಗನನ್ನು ಕರೆದದ್ದನ್ನು ಕೇಳಿದ ಮೇಲೆ ನಾನು ಆ ಪುಟವನ್ನು ಮತ್ತೆ ತೆಗೆದು ನೋಡಿದೆ. ಕಾಲ ಕುಸಿದುಬಿದ್ದಾಗ ಮನಸ್ಸು ಯಾರನ್ನು ಹುಡುಕುತ್ತದೆ ಎಂಬುದು ಆ ತಪ್ಪು ಹೆಸರುಗಳಲ್ಲಿ ಗೊತ್ತಾಗುತ್ತದೆ.

ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಭಾನುವಾರದ ವಿಡಿಯೊ ಕರೆಗೆ ಅಪ್ಪ ಮೊದಲೇ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಕುರ್ಚಿಯಲ್ಲಿ ಕೂತಿರುತ್ತಿದ್ದರು. ವಾಕರ್ ಅನ್ನು ಕಪಾಟಿನ ಆಚೆ ಸರಿಸಲು ನನಗೆ ಸನ್ನೆ ಮಾಡುತ್ತಿದ್ದರು. ತಮ್ಮನಿಗೆ ಕಾಣುತ್ತಿದ್ದದ್ದು ಭುಜದಿಂದ ಮೇಲಿನ ಅಪ್ಪ. ಅಂಚೆ ಕಾಗದ ಹೋಗಿ ಕ್ಯಾಮರಾ ಬಂದರೂ ಒಕ್ಕಣೆ ಬದಲಾಗಿರಲಿಲ್ಲ. ಅಜ್ಜಿಯ ಕೋಲಿನ ಮಾತು ಬಂದ ಮೇಲಿನ ಭಾನುವಾರಗಳಲ್ಲಿ ಒಂದು ದಿನ ಅಪ್ಪ ಅವನಿಗೆ, ಬಚ್ಚಲಲ್ಲಿ ಜಾರಿ ಬಿದ್ದದ್ದನ್ನೂ ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬಾರದಿರುವುದನ್ನೂ ತಾವೇ ಹೇಳಿದರು. ತಮ್ಮ ಗಾಬರಿಯಾದ, ಕೂಡಲೇ ಬರುತ್ತೇನೆ ಎಂದ. ಅಪ್ಪ, "ಈಗ ಬರುವುದು ಬೇಡ, ಗೊತ್ತಿರಲಿ ಎಂದು ಹೇಳಿದೆ," ಎಂದರು. ಅಂದಿನಿಂದ ಅವರಿಬ್ಬರೂ ಹೆಚ್ಚು ಹೊತ್ತು ಮಾತಾಡುತ್ತಾರೆ. ತಮ್ಮನಿಗೂ ಐವತ್ತು ದಾಟಿದೆ; ತನ್ನ ಮಂಡಿನೋವಿನ ಬಗ್ಗೆ ಈಗ ಅಪ್ಪನ ಹತ್ತಿರ ಸಲಹೆ ಕೇಳುತ್ತಾನೆ.

ಇಲ್ಲಿ ಕೂತಿರುವ ಎಳೆಯರಿಗೆ ಈ ಕೆಲಸ ಮಾಡುವ ಮನಸ್ಸಿದ್ದರೆ ನನ್ನ ಅನುಭವದ ಒಂದೆರಡು ಮಾತು. ಹೇಗನಿಸಿತು ಎಂದು ಕೇಳಬೇಡಿ. ನಮ್ಮ ಹಿರಿಯರು ಅದಕ್ಕೆ ಉತ್ತರಿಸುವವರಲ್ಲ. ಎಲ್ಲಿ ಮಲಗುತ್ತಿದ್ದಿರಿ, ಮನಿಯಾರ್ಡರ್ ಫಾರಂ ಯಾರು ತುಂಬಿಕೊಟ್ಟರು, ಯಾವ ಗಾಡಿ ಬಿಟ್ಟು ಯಾವ ಗಾಡಿ ಹಿಡಿದಿರಿ ಎಂದು ಕೇಳಿ. ಮಧ್ಯಾಹ್ನದ ನಿದ್ದೆ ಮುಗಿದು ಚಹಾ ಕುಡಿದ ಹೊತ್ತು ಒಳ್ಳೆಯದು. ಕಿವಿ ಮಂದವಾಗಿದ್ದರೆ ಎದುರಿಗೆ ಕೂತು, ತುಟಿ ಕಾಣುವಂತೆ ಕೇಳಿ. ಅದೇ ಕಥೆ ಮತ್ತೆ ಬಂದರೆ ಬರಲಿ. ಹೋದ ಸಲ ಇಲ್ಲದ ಒಬ್ಬ ಮನುಷ್ಯ ಈ ಸಲ ಅದರೊಳಗೆ ಬಂದು ನಿಲ್ಲುತ್ತಾನೆ. ಅಡುಗೆಮನೆಯ ಬಾಗಿಲು ತೆರೆದಿಡಿ. ಮುಖ್ಯವಾಗಿ, ಅವರು ತಮ್ಮ ಮೈಯ ಬಗ್ಗೆ ಹೇಳುವಾಗ ವಿಷಯಾಂತರವೆಂದು ಯಂತ್ರ ನಿಲ್ಲಿಸಬೇಡಿ. ಇವತ್ತಿನ ಮಂಡಿನೋವು 1950ರಷ್ಟೇ ಚರಿತ್ರೆ. ನಾಳೆ ನಮಗೆ ಬೇಕಾಗುವುದು ಅದೇ.

ಮುಂಬಯಿಯ ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಹೋಟೆಲ್ ಉದ್ಯಮಿಗಳ, ದಾನಿಗಳ, ಗೆದ್ದವರ ಚಿತ್ರಗಳು ಇವೆ, ಇರಲಿ. ಊರಿನ ಟಿಕೇಟು ಹಿಡಿದು ವಾಪಸು ಹೋದ ಸಪ್ಲಾಯರುಗಳ, ಚಾಳಿನ ಖೋಲಿಗಳಲ್ಲೇ ಮುದುಕರಾದ ಗುಮಾಸ್ತರ ಮಾತುಗಳಿಗೂ ಅಲ್ಲಿ ಜಾಗ ಬೇಕು. ಅವರಲ್ಲಿ ಉಳಿದಿರುವವರಿಗೆ ಈಗ ಎಂಬತ್ತು, ತೊಂಬತ್ತು.

ನನ್ನ ತಾಯಿಯ ಕಥೆ ನಾನು ಇನ್ನೂ ದಾಖಲಿಸಿಲ್ಲ. ಯಂತ್ರ ಇಟ್ಟು ಎದುರು ಕೂತರೆ ಅವರು ಏಳುತ್ತಾರೆ, ನನ್ನದೇನಿದೆ ಹೇಳಲಿಕ್ಕೆ ಎನ್ನುತ್ತಾರೆ. ಮೀನು ತೊಳೆಯುವಾಗ, ಬಟ್ಟೆ ಮಡಚುವಾಗ ಮಾತ್ರ ಮಾತು ಬರುತ್ತದೆ. ಗಂಡನ ತಾಯಿಯ ಮುಪ್ಪನ್ನು ಕಂಡ ಅವರು, ಮುಂಬಯಿಯಲ್ಲಿ ಸಂಸಾರ ಹಿಡಿದುಕೊಂಡು ತಮ್ಮ ತಾಯಿಯ ಮುಪ್ಪನ್ನು ಕಂಡರೇ? ನಾನು ಕೇಳಿಲ್ಲ. ಈ ಸಲದ ನೇಮಕ್ಕೆ ಅವರು ಊರಿಗೆ ಹೊರಟಿದ್ದಾರೆ. ಕೊಂಕಣ ರೈಲಿನಲ್ಲಿ ಪಕ್ಕದ ಸೀಟು ನನ್ನದು. ಅಪ್ಪನನ್ನು ನೋಡಿಕೊಳ್ಳಲು ತಮ್ಮ ಬರುತ್ತಿದ್ದಾನೆ.